ನಾಯಿಯ ಹೃದಯದ ಹುಳು: ಒಂದು ಮಾತ್ರೆಯ ಹಿಂದಿನ ನಾನೂರು ವರ್ಷ

ಇತಿಹಾಸ ಅಂದ ಕೂಡಲೇ ನಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಇವತ್ತಿನ ಸಂಚಿಕೆಯಲ್ಲಿ ನಾನು ಹೇಳಹೊರಟಿರೋದು ಒಂದು ಹುಳುವಿನ ಇತಿಹಾಸ. ಮನೆಯಲ್ಲಿ ನಾಯಿ ಸಾಕಿದವರಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಸಾಕದವರೂ ಕೇಳಿ, ಯಾಕಂದ್ರೆ ಈ ಕಥೆಯ ಅರ್ಧ ಭಾಗ ಮನುಷ್ಯರದ್ದೇ.

ಹಾಚಿಕೋ ಹೆಸರು ನೀವು ಕೇಳಿರ್ತೀರಿ. ಟೋಕಿಯೊದ ಶಿಬುಯಾ ರೈಲು ನಿಲ್ದಾಣದ ಮುಂದೆ, ತೀರಿಹೋದ ಯಜಮಾನನಿಗಾಗಿ ವರ್ಷಗಟ್ಟಲೆ ಕಾದ ಅಕಿತಾ ತಳಿಯ ನಾಯಿ. ಯಜಮಾನರಾದ ಪ್ರೊಫೆಸರ್ ಉಯೆನೊ 1925ರ ಮೇ ತಿಂಗಳಲ್ಲಿ ತೀರಿಕೊಂಡರು. ನಾಯಿ ಸತ್ತದ್ದು 1935ರ ಮಾರ್ಚ್ 8ರಂದು. ಹೆಚ್ಚುಕಡಿಮೆ ಹತ್ತು ವರ್ಷದ ಕಾಯುವಿಕೆ. ಈ ಭಾಗ ಸಿನಿಮಾ ಆಗಿದೆ, ಶಾಲೆಯ ಪಾಠವೂ ಆಗಿದೆ. ಆಮೇಲೆ ನಡೆದದ್ದನ್ನು ಹೇಳುವವರು ಕಡಿಮೆ. ಸತ್ತ ನಾಯಿಯ ಶವಪರೀಕ್ಷೆ ಮಾಡಿದಾಗ ಅದರ ಹೃದಯದಲ್ಲಿ ದಾರದಂಥ ಹುಳುಗಳು ಸಿಕ್ಕವು. ಹೃದಯ, ಶ್ವಾಸಕೋಶಗಳನ್ನು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದರು. 2011ರಲ್ಲಿ ಅಲ್ಲಿನ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ ಕ್ಯಾನ್ಸರ್ ಕೂಡ ಇತ್ತು ಅಂತ ಗೊತ್ತಾಯಿತು. ಅಂದರೆ ಆ ನಾಯಿ ಎದೆಯೊಳಗೆ ಎರಡು ರೋಗ ಇಟ್ಟುಕೊಂಡು ನಿಲ್ದಾಣಕ್ಕೆ ನಡೆದುಬರುತ್ತಿತ್ತು.

ಆ ದಾರದಂಥ ಹುಳುವೇ ಹಾರ್ಟ್‌ವರ್ಮ್. ಹೃದಯದ ಹುಳು ಅನ್ನೋಣ. ವಿಜ್ಞಾನದ ಹೆಸರು ಡೈರೋಫೈಲೇರಿಯಾ ಇಮ್ಮೈಟಿಸ್. ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಶಾಲೆ ಮಕ್ಕಳ ಅಳತೆಪಟ್ಟಿಯಷ್ಟು. ಗಂಡು ಅದಕ್ಕಿಂತ ಚಿಕ್ಕದು. ಹೃದಯದ ಬಲಭಾಗ ಮತ್ತು ಅಲ್ಲಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳಗಳು ಇದರ ಮನೆ. ನಾಯಿಯೊಳಗೆ ಐದರಿಂದ ಏಳು ವರ್ಷ ಬದುಕುತ್ತದೆ. ಮೊದಮೊದಲು ಏನೂ ತೋರುವುದಿಲ್ಲ. ಆಮೇಲೆ ಸಣ್ಣ ಕೆಮ್ಮು, ಓಡಿದರೆ ಸುಸ್ತು. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೃದಯ ಸೋಲುತ್ತದೆ. ಕೆಮ್ಮು ಶುರುವಾಗುವಷ್ಟರಲ್ಲಿ ಹುಳುಗಳು ಒಳಗೆ ಸಂಸಾರ ಹೂಡಿ ಎಷ್ಟೋ ತಿಂಗಳಾಗಿರುತ್ತದೆ.

ಈ ಹುಳು ಮನುಷ್ಯರ ಕಣ್ಣಿಗೆ ಬಿದ್ದದ್ದು ಯಾವಾಗ? ಸಾಮಾನ್ಯವಾಗಿ ಹೇಳುವ ಮೊದಲ ದಾಖಲೆ 1626ರದ್ದು. ಇಟಲಿಯ ಫ್ರಾಂಚೆಸ್ಕೊ ಬಿರಾಗೊ ಎಂಬ ಶ್ರೀಮಂತ ಬೇಟೆ ನಾಯಿಗಳ ಬಗ್ಗೆ ಬರೆಯುತ್ತಾ ಇಂಥ ಹುಳುಗಳ ಪ್ರಸ್ತಾಪ ಮಾಡಿದ. ಉತ್ತರ ಇಟಲಿಯ ಪೊ ನದಿ ಕಣಿವೆ ಇವತ್ತಿಗೂ ಈ ಹುಳುವಿನ ತವರುಗಳಲ್ಲಿ ಒಂದು. ನೀರಾವರಿ, ಜೌಗು, ಸೊಳ್ಳೆ ಎಲ್ಲವೂ ಅಲ್ಲಿವೆ. ಆದರೆ ಆ ಕಾಲದಲ್ಲಿ ಸೊಳ್ಳೆಯನ್ನು ಯಾರೂ ಅನುಮಾನಿಸಿರಲಿಲ್ಲ. 1856ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜೋಸೆಫ್ ಲೀಡಿ ಹುಳುವಿಗೆ ಇಮ್ಮೈಟಿಸ್ ಅಂತ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಕ್ರೂರ, ಕರುಣೆಯಿಲ್ಲದ್ದು. ಹೆಸರು ಸಿಕ್ಕಿತು. ಅದು ಹೃದಯದೊಳಗೆ ಹೋಗಿದ್ದು ಹೇಗೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಇಲ್ಲಿಂದ ಮುಂದೆ ಕಥೆ ನಮ್ಮ ಕಡೆಗೆ ತಿರುಗುತ್ತದೆ. 1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊತಿ ಲೂಯಿಸ್ ಎಂಬ ಬ್ರಿಟಿಷ್ ಸೇನಾ ವೈದ್ಯ ಮನುಷ್ಯರ ರಕ್ತದಲ್ಲಿ ಸೂಕ್ಷ್ಮ ಹುಳುಗಳು ಓಡಾಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆನೆಕಾಲು ರೋಗ ಇದೆಯಲ್ಲ, ಅದಕ್ಕೆ ಸಂಬಂಧಿಸಿದ ಹುಳುಗಳ ಮರಿಗಳು ಅವು. ಅವರು ಕಲ್ಕತ್ತೆಯ ಬೀದಿ ನಾಯಿಗಳ ರಕ್ತವನ್ನೂ ನೋಡಿದರು. ಅಲ್ಲೂ ಅಂಥವೇ ಮರಿಗಳು! ನಾಯಿಯ ಹೃದಯದ ಹುಳು ಮತ್ತು ಮನುಷ್ಯನ ಆನೆಕಾಲಿನ ಹುಳು ಹತ್ತಿರದ ನೆಂಟರು. ಆವತ್ತಿನಿಂದ ಇವತ್ತಿನವರೆಗೆ ಎರಡರ ಚರಿತ್ರೆಯೂ ಜೊತೆಜೊತೆಗೇ ನಡೆದಿದೆ. ಒಂದರ ಬಗ್ಗೆ ಕಲಿತದ್ದು ಇನ್ನೊಂದಕ್ಕೆ ಉಪಯೋಗವಾಗಿದೆ.

1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಸ್ಕಾಟಿಷ್ ವೈದ್ಯರಿದ್ದರು. ಅವರ ತೋಟದಾಳು ಹಿನ್ ಲೊ ಎಂಬಾತನ ರಕ್ತದಲ್ಲಿ ಈ ಮರಿಹುಳುಗಳಿದ್ದವು. ಆತನನ್ನು ಸೊಳ್ಳೆಗಳಿರುವ ಕೋಣೆಯಲ್ಲಿ ಮಲಗಿಸಿ, ರಕ್ತ ಕುಡಿದ ಸೊಳ್ಳೆಗಳನ್ನು ಹಿಡಿದು ಕೊಯ್ದು ನೋಡಿದರು ಮ್ಯಾನ್ಸನ್. ಹುಳುಗಳು ಸೊಳ್ಳೆಯ ಹೊಟ್ಟೆಯಲ್ಲಿ ಸಾಯದೆ ಬೆಳೆಯುತ್ತಿದ್ದವು. ಒಂದು ಕೀಟದೊಳಗೆ ಮನುಷ್ಯನ ರೋಗ ಬೆಳೆಯುತ್ತದೆ ಎಂಬ ದೊಡ್ಡ ಸಂಗತಿ ಹೀಗೆ ತಿಳಿಯಿತು. ಈ ಶೋಧದಲ್ಲಿ ಮ್ಯಾನ್ಸನ್ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ಸೊಳ್ಳೆಗಳಿಗೆ ಮೈಯೊಡ್ಡಿ ಮಲಗಿದ ಹಿನ್ ಲೊನನ್ನೂ ನಾವು ನೆನೆಯಬೇಕು.

ಆದರೆ ಮ್ಯಾನ್ಸನ್ ಅರ್ಧ ದಾರಿಯಲ್ಲಿ ನಿಂತರು. ಸೊಳ್ಳೆ ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಹತ್ತುತ್ತದೆ ಅಂತ ಅವರು ನಂಬಿದ್ದರು. ಇದು ಸರಿಯಲ್ಲ ಅಂತ ಗೊತ್ತಾಗೋಕೆ 1900 ಬರಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ಜಾರ್ಜ್ ಕಾರ್ಮೈಕಲ್ ಲೊ ಎಂಬವರು ಆಸ್ಟ್ರೇಲಿಯಾದಿಂದ ಬಂದ ಸೊಳ್ಳೆಗಳನ್ನು ತೆಳುವಾಗಿ ಕತ್ತರಿಸಿ ನೋಡಿದಾಗ, ಮನುಷ್ಯರ ಹುಳುವಿನ ಮರಿಗಳು ಸೊಳ್ಳೆಯ ಸೊಂಡಿಲಿನಲ್ಲೇ ಕಂಡವು. ಅದೇ ವರ್ಷ ಇಟಲಿಯಲ್ಲಿ ಗ್ರಾಸಿ ಮತ್ತು ನೊಯೆ ಎಂಬಿಬ್ಬರು ನಾಯಿಯ ಹುಳುವನ್ನಿಟ್ಟುಕೊಂಡು ಇದನ್ನೇ ಸಾಧಿಸಿ ತೋರಿಸಿದರು. ಸೊಳ್ಳೆ ಕಚ್ಚುವಾಗ ಮರಿಹುಳುಗಳು ಸೊಂಡಿಲಿನ ಹೊರಪದರ ಸೀಳಿಕೊಂಡು ಚರ್ಮದ ಮೇಲೆ ಇಳಿಯುತ್ತವೆ. ಆಮೇಲೆ ಸೊಳ್ಳೆ ಚುಚ್ಚಿದ ತೂತಿನ ಮೂಲಕ ತಾವೇ ತೆವಳಿ ಒಳಗೆ ಹೋಗುತ್ತವೆ. ನೀರು ಕುಡಿಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸೊಳ್ಳೆಯ ಮಾತು ಬಂದಾಗ ಬೆಂಗಳೂರಿನ ಹೆಸರೂ ಬರಲೇಬೇಕು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕಿಂತ ಮೊದಲು 1880ರ ದಶಕದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯ ಹತ್ತಿರವಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ತುಂಬಿದ್ದನ್ನು ನೋಡಿ ಅದನ್ನು ಖಾಲಿ ಮಾಡಿಸಿದರು. ಸೊಳ್ಳೆ ಕಾಟ ಕಡಿಮೆಯಾಯಿತು. ಎಷ್ಟು ಸರಳ ಸಂಗತಿ, ಅಲ್ವಾ? ಆಮೇಲೆ ರಾಸ್ ಅವರನ್ನು ಮಲೇರಿಯಾ ಸಂಶೋಧನೆಗೆ ಹುರಿದುಂಬಿಸಿದವರು ಇದೇ ಮ್ಯಾನ್ಸನ್. ಮನುಷ್ಯನ ಮಲೇರಿಯಾ, ಮನುಷ್ಯನ ಆನೆಕಾಲು, ನಾಯಿಯ ಹೃದಯದ ಹುಳು ಮೂರನ್ನೂ ಹರಡುವುದು ಸೊಳ್ಳೆ ಎಂಬ ತಿಳಿವಳಿಕೆ ಹೀಗೆ ಕಾಲು ಶತಮಾನದೊಳಗೆ ಕೂಡಿಬಂತು.

ಸರಿ, ರೋಗ ಬರುವ ದಾರಿ ತಿಳಿಯಿತು. ಬಂದ ಮೇಲೆ ಏನು ಮಾಡೋದು? ಮೊದಲು ಆಂಟಿಮನಿ ಸೇರಿದ ಔಷಧಿಗಳು ಬಂದವು. 1940ರ ದಶಕದ ಕೊನೆಗೆ ಆರ್ಸೆನಿಕ್, ಅಂದ್ರೆ ಪಾಷಾಣ ಸೇರಿದ ಥಯಾಸೆಟಾರ್ಸಮೈಡ್ ಬಂತು. ಅದನ್ನು ರಕ್ತನಾಳದೊಳಗೇ ಕೊಡಬೇಕು. ಸೂಜಿ ಸ್ವಲ್ಪ ಜಾರಿ ಔಷಧಿ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆತುಹೋಗುತ್ತಿತ್ತು. 1995ರಲ್ಲಿ ಅಮೆರಿಕದಲ್ಲಿ ಮೆಲಾರ್ಸೊಮೀನ್‌ಗೆ ಒಪ್ಪಿಗೆ ಸಿಕ್ಕಿತು. ಇದು ಹಿಂದಿನದಕ್ಕಿಂತ ಸುರಕ್ಷಿತ, ಆದರೂ ಆರ್ಸೆನಿಕ್ಕೇ. ಬೆನ್ನಿನ ಸ್ನಾಯುವಿನೊಳಗೆ ಆಳವಾಗಿ ಚುಚ್ಚಬೇಕು. ಮೊದಲು ಒಂದು, ತಿಂಗಳು ಬಿಟ್ಟು ದಿನಕ್ಕೊಂದರಂತೆ ಎರಡು.

ಇಲ್ಲಿ ಒಂದು ವಿಷಯ ಗಮನಿಸಿ. ನಿಜವಾದ ಅಪಾಯ ಇರುವುದು ಹುಳು ಸತ್ತ ಮೇಲೆ. ಹೊಟ್ಟೆಯ ಹುಳು ಸತ್ತರೆ ಮಲದಲ್ಲಿ ಹೊರಗೆ ಹೋಗುತ್ತದೆ. ಹೃದಯದ ಹುಳು ಸತ್ತರೆ ಹೋಗುವುದೆಲ್ಲಿಗೆ? ರಕ್ತದ ಜೊತೆ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಚಿಕಿತ್ಸೆಯ ಸಮಯದಲ್ಲಿ ನಾಯಿಯನ್ನು ತಿಂಗಳುಗಟ್ಟಲೆ ಓಡಲು, ಹಾರಲು ಬಿಡದೆ ಕಟ್ಟಿಹಾಕಬೇಕು. ಎದೆಬಡಿತ ಜೋರಾದರೆ ಸತ್ತ ಹುಳುವಿನ ತುಂಡುಗಳೇ ಪ್ರಾಣ ತೆಗೆಯಬಹುದು. ರೋಗದ ಜೊತೆ ಚಿಕಿತ್ಸೆಗೂ ಹೆದರಬೇಕಾದ ಪರಿಸ್ಥಿತಿ. ಹಾಗಾಗಿ ಈ ರೋಗದ ಇತಿಹಾಸದಲ್ಲಿ ಗುಣಪಡಿಸುವ ಔಷಧಿಗಿಂತ ತಡೆಯುವ ಔಷಧಿಗೇ ದೊಡ್ಡ ಜಾಗ.

ಆ ತಡೆಯುವ ಔಷಧಿಗಳಲ್ಲಿ ಮೊದಲನೆಯದರ ಹಿಂದೆ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ಲೆಡರ್ಲೆ ಎಂಬ ಔಷಧಿ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದವರು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಸಾವಿರಾರು ಅಮೆರಿಕನ್ ಸೈನಿಕರಿಗೆ ಆನೆಕಾಲಿನ ಹುಳು ಹತ್ತಿತ್ತು. ಔಷಧಿ ಬೇಕೇ ಬೇಕು ಅನ್ನುವ ಒತ್ತಡ ಹುಟ್ಟಿತು. ಸುಬ್ಬರಾವ್ ಅವರ ಮಾರ್ಗದರ್ಶನದ ತಂಡ 1947ರಲ್ಲಿ ಡೈಈಥೈಲ್ ಕಾರ್ಬಮಜೀನ್ ಎಂಬ ಔಷಧಿಯ ವಿವರ ಪ್ರಕಟಿಸಿತು. ನಾವು ಡಿಇಸಿ ಅಂತೀವಲ್ಲ, ಅದೇ. ಅದನ್ನು ಮೊದಲಿಗೆ ಪರೀಕ್ಷಿಸಿದ್ದು ಇಲಿಗಳಲ್ಲಿ ಮತ್ತು ಹೃದಯದ ಹುಳುವಿದ್ದ ನಾಯಿಗಳಲ್ಲಿ. ಮರುವರ್ಷವೇ, 1948ರಲ್ಲಿ, ಸುಬ್ಬರಾವ್ 53ನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು ಹೇಳಿ?

ಡಿಇಸಿ ನಮ್ಮ ರಾಜ್ಯಕ್ಕೂ ಹೊಸದಲ್ಲ. ಆನೆಕಾಲು ರೋಗ ನಿರ್ಮೂಲನೆಗಾಗಿ 2004ರಿಂದ ದೇಶದಲ್ಲಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯುತ್ತಿದೆ. ಕಲ್ಯಾಣ ಕರ್ನಾಟಕದ ಕಡೆಯ ಕೇಳುಗರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಮನೆಬಾಗಿಲಿಗೆ ಬಂದು ಎದುರಿಗೇ ನುಂಗಿ ಅಂತಾರಲ್ಲ, ಆ ಮಾತ್ರೆ ಸುಬ್ಬರಾವ್ ತಂಡದ್ದು.

ನಾಯಿಗಳಲ್ಲಿ ಡಿಇಸಿ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಹೊಸದಾಗಿ ಒಳಗೆ ಬಂದ ಮರಿಹುಳು ಪೊರೆ ಕಳಚುವ ಕೆಲವೇ ದಿನಗಳಲ್ಲಿ ಮಾತ್ರ ಅದು ಪರಿಣಾಮಕಾರಿ. ಹಾಗಾಗಿ ದಿನವೂ ಕೊಡಬೇಕಿತ್ತು. ಎರಡು ಮೂರು ದಿನ ಮರೆತರೆ ಹುಳು ತಪ್ಪಿಸಿಕೊಳ್ಳುತ್ತಿತ್ತು. ಇನ್ನೊಂದು ತೊಂದರೆ: ರಕ್ತದಲ್ಲಿ ಆಗಲೇ ಮರಿಹುಳು ತುಂಬಿರುವ ನಾಯಿಗೆ ಕೊಟ್ಟರೆ ಅವೆಲ್ಲ ಒಟ್ಟಿಗೆ ಪೆಟ್ಟು ತಿಂದು ನಾಯಿ ಆಘಾತಕ್ಕೊಳಗಾಗಿ ಸಾಯುವ ಸಂಭವವಿತ್ತು. ಮೊದಲು ರಕ್ತ ಪರೀಕ್ಷೆ, ಆಮೇಲೆ ಔಷಧಿ ಅನ್ನುವ ನಿಯಮ ಗಟ್ಟಿಯಾಗಿದ್ದು ಹೀಗೆ.

ಮುಂದಿನ ತಿರುವು ಬಂದದ್ದು ಹಾಚಿಕೋನ ದೇಶದಿಂದಲೇ. 1970ರ ದಶಕದಲ್ಲಿ ಟೋಕಿಯೊದ ಕಿತಾಸಾತೊ ಸಂಸ್ಥೆಯ ಸತೋಶಿ ಒಮುರಾ ಹೋದಲ್ಲೆಲ್ಲ ಮಣ್ಣಿನ ಮಾದರಿ ಸಂಗ್ರಹಿಸುತ್ತಿದ್ದರು. ಶಿಜುವೊಕಾ ಪ್ರಾಂತ್ಯದ ಕವಾನಾದಲ್ಲಿ, ಗಾಲ್ಫ್ ಮೈದಾನವೊಂದರ ಬಳಿ ತೆಗೆದ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾವನ್ನು ಅಮೆರಿಕದ ಮರ್ಕ್ ಕಂಪನಿಗೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಬೆಲ್ ತಂಡ ಅದನ್ನು ಹುಳುವಿದ್ದ ಇಲಿಗಳಿಗೆ ಕೊಟ್ಟು ನೋಡಿತು. ಹುಳುಗಳು ಸತ್ತವು. ಅದರಿಂದ ಬಂದ ಔಷಧಿಯೇ ಐವರ್‌ಮೆಕ್ಟಿನ್. 1981ರಲ್ಲಿ ದನ, ಕುರಿಗಳಿಗಾಗಿ ಮಾರುಕಟ್ಟೆಗೆ ಬಂತು. 1987ರಲ್ಲಿ ನಾಯಿಗಳಿಗೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದೇ 1987ರಲ್ಲಿ ಆಫ್ರಿಕಾದ ನದಿಕುರುಡು ರೋಗಕ್ಕೆ ಇದನ್ನು ಉಚಿತವಾಗಿ ಕೊಡುವುದಾಗಿ ಮರ್ಕ್ ಘೋಷಿಸಿತು. ಒಮುರಾ ಮತ್ತು ಕ್ಯಾಂಬೆಲ್ 2015ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 2018ರ ಕೊನೆಯಿಂದ ಭಾರತದ ಕೆಲವು ಜಿಲ್ಲೆಗಳಲ್ಲಿ ಆನೆಕಾಲು ರೋಗಕ್ಕೆ ಮೂರು ಔಷಧಿ ಒಟ್ಟಿಗೆ ಕೊಡುವ ಕ್ರಮ ಶುರುವಾಯಿತು. ಅದಕ್ಕೆ ಆಯ್ದ ಮೊದಲ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಆ ಮೂರರಲ್ಲಿ ಎರಡು ಯಾವುವು ಗೊತ್ತೇ? ಡಿಇಸಿ ಮತ್ತು ಐವರ್‌ಮೆಕ್ಟಿನ್. ನಾಯಿಯ ಹೃದಯ ಕಾಯ್ದ ಎರಡೂ ಔಷಧಿಗಳು ಯಾದಗಿರಿಯ ಜನರ ಕಾಲು ಕಾಯಲು ಬಂದವು.

ಈಗ ತಿಂಗಳ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಇದರಲ್ಲಿ ಬಹಳ ಜನಕ್ಕೆ ಗೊಂದಲ ಇದೆ. ಇವತ್ತು ಕೊಟ್ಟ ಮಾತ್ರೆ ಮುಂದಿನ ಮೂವತ್ತು ದಿನ ರಕ್ಷಾಕವಚದಂತೆ ನಿಲ್ಲುತ್ತದೆ ಅಂತ ಅಂದುಕೊಳ್ತೀವಿ. ಹಾಗಲ್ಲ. ಅದು ಹಿಂದಿನ ತಿಂಗಳ ಕಸ ಗುಡಿಸುತ್ತದೆ. ಸೊಳ್ಳೆ ಬಿಟ್ಟುಹೋದ ಮರಿಹುಳು ಮೊದಲ ಕೆಲವು ವಾರ ಚರ್ಮದಡಿ, ಸ್ನಾಯುಗಳ ನಡುವೆ ಇರುತ್ತದೆ. ಆಗ ಅದು ಎಳೆಯದು. ನಾಯಿಯ ಒಂದು ಕಿಲೋ ತೂಕಕ್ಕೆ ಕೇವಲ 6 ಮೈಕ್ರೋಗ್ರಾಂ ಐವರ್‌ಮೆಕ್ಟಿನ್ ಅದಕ್ಕೆ ಸಾಕು. ಐವತ್ತು, ಅರವತ್ತು ದಿನ ದಾಟಿತು ಅನ್ನಿ, ಅದು ಬಲಿತು ಹೃದಯದ ದಾರಿ ಹಿಡಿಯುತ್ತದೆ. ಆಮೇಲೆ ಈ ಸಣ್ಣ ಪ್ರಮಾಣವನ್ನು ನಂಬುವಂತಿಲ್ಲ. ಆರೇಳು ತಿಂಗಳಿಗೆ ಮರಿ ಹಾಕಲು ಶುರುಮಾಡುತ್ತದೆ. ಒಂದೆರಡು ತಿಂಗಳು ಮಾತ್ರೆ ತಪ್ಪಿಸಿ "ಏನೂ ಆಗಿಲ್ಲವಲ್ಲ" ಅನ್ನುವವರಿಗೆ ಉತ್ತರ ಸಿಗುವುದು ಅರ್ಧ ವರ್ಷದ ನಂತರ. ರಕ್ತ ಪರೀಕ್ಷೆ ಕೂಡ ಬಲಿತ ಹೆಣ್ಣು ಹುಳುವಿನ ಗುರುತನ್ನೇ ಹಿಡಿಯುವುದರಿಂದ, ಸೋಂಕಾಗಿ ಸುಮಾರು ಆರು ತಿಂಗಳಾಗುವವರೆಗೆ ಅದರಲ್ಲೂ ಕಾಣದು.

ಮಾತ್ರೆ ಬಂದ ಮೇಲೆ ರೋಗ ಮುಗಿಯಿತೇ? ಇಲ್ಲ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಕತ್ರಿನಾ ಚಂಡಮಾರುತ ಬಂತು. ಅಲ್ಲಿನ ಸಾವಿರಾರು ನಾಯಿಗಳನ್ನು ರಕ್ಷಿಸಿ ದೇಶದ ಮೂಲೆಮೂಲೆಗೆ ಸಾಗಿಸಿದರು. ಆ ಭಾಗದಿಂದ ಬಂದ ನಾಯಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದ ಹುಳುವಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ. ಆದರೆ ನಾಯಿಯ ಜೊತೆ ಹುಳುವೂ ಪ್ರಯಾಣ ಮಾಡಿತು. ಅದೇ ದಶಕದಲ್ಲಿ ಮಿಸಿಸಿಪ್ಪಿ ನದಿಯ ಕೆಳಬಯಲಿನಿಂದ ಮತ್ತೊಂದು ಸುದ್ದಿ: ತಿಂಗಳ ಮಾತ್ರೆಗೂ ಬಗ್ಗದ ಹುಳುಗಳು. ಮುಂದೆ ಪ್ರಯೋಗಾಲಯಗಳಲ್ಲಿ ಅದು ದೃಢಪಟ್ಟಿತು. ಔಷಧಿಯನ್ನು ಅಡ್ಡಾದಿಡ್ಡಿ ಬಳಸಿದರೆ ಹುಳು ಕಲಿತುಬಿಡುತ್ತದೆ.

ಇನ್ನು ನಮ್ಮ ಊರಿನ ವಿಚಾರ. ಭಾರತದಲ್ಲಿ ಹೃದಯದ ಹುಳುವಿನ ವರದಿಗಳು ಹೆಚ್ಚಾಗಿ ಬಂದಿರುವುದು ಅಸ್ಸಾಂ, ಮಿಜೋರಾಂ ಕಡೆಯ ಈಶಾನ್ಯ ರಾಜ್ಯಗಳಿಂದ. ಕೇರಳ ಮತ್ತು ನಮ್ಮ ಕರಾವಳಿಯ ಕಡೆ ಅದರ ದಾಯಾದಿ ಡೈರೋಫೈಲೇರಿಯಾ ರೆಪೆನ್ಸ್ ಮುಖ್ಯ. ಅದು ನಾಯಿಯ ಚರ್ಮದಡಿ ಇರುತ್ತದೆ, ಹೃದಯಕ್ಕೆ ಹೋಗುವುದಿಲ್ಲ. ಆದರೆ ಅದೇ ಸೊಳ್ಳೆ ಮನುಷ್ಯರನ್ನು ಕಚ್ಚಿದರೆ ಕೆಲವೊಮ್ಮೆ ಚರ್ಮದ ಗಂಟಾಗಿಯೋ ಕಣ್ಣಿನ ಬಿಳಿಭಾಗದಡಿ ಹರಿದಾಡುವ ಹುಳುವಾಗಿಯೋ ಕಾಣಿಸಿಕೊಳ್ಳುತ್ತದೆ. ಕೇರಳದಿಂದ, ಮಂಗಳೂರಿನಿಂದಲೂ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ವರದಿಗಳು ಬಂದಿವೆ. ಹಾಗಾಗಿ ನಿಮ್ಮ ನಾಯಿಯ ರಕ್ತದಲ್ಲಿ ಮರಿಹುಳು ಕಂಡಿತು ಅಂದ ಕೂಡಲೇ ಹೃದಯದ ಹುಳು ಅಂತ ಗಾಬರಿಯಾಗಬೇಡಿ. ಯಾವ ಜಾತಿ ಅಂತ ಮೊದಲು ಗೊತ್ತಾಗಬೇಕು. ಹಾಗೇ ಮಾತ್ರೆ ಬೇಕೋ ಬೇಡವೋ ಅನ್ನೋದು ನೀವಿರುವ ಊರು, ನಾಯಿ ಬಂದ ಊರು ಎರಡನ್ನೂ ನೋಡಿ ಪಶುವೈದ್ಯರು ಹೇಳಬೇಕಾದ ಮಾತು. ಈಶಾನ್ಯದಿಂದಲೋ ವಿದೇಶದಿಂದಲೋ ನಾಯಿ ತಂದಿದ್ದರೆ ಮರೆಯದೆ ಅದನ್ನು ಅವರಿಗೆ ತಿಳಿಸಿ.

ಇವತ್ತು ನಾನು ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣ ಇದೆ. ನಾಯಿಗೆ ಉಣುಗು ಹತ್ತಿದೆ, ಹುಳು ಆಗಿದೆ ಅಂತ ಅಂಗಡಿಯಿಂದ ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದು ತಂದು ಅಂದಾಜಿನಲ್ಲಿ ಹಾಕುವ ಅಭ್ಯಾಸ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಸ್ವಲ್ಪ ಲೆಕ್ಕ ಹಾಕೋಣ. 20 ಕಿಲೋ ತೂಗುವ ನಾಯಿಗೆ ಹೃದಯದ ಹುಳು ತಡೆಯಲು ತಿಂಗಳಿಗೆ ಬೇಕಾದ ಕನಿಷ್ಠ ಪ್ರಮಾಣ 120 ಮೈಕ್ರೋಗ್ರಾಂ. ಶೇಕಡಾ 1ರ ಚುಚ್ಚುಮದ್ದಿನ ಒಂದು ಮಿಲಿಲೀಟರಿನಲ್ಲಿ ಇರುವುದು 10,000 ಮೈಕ್ರೋಗ್ರಾಂ. ಅಂದರೆ ಎಂಬತ್ತು ಪಟ್ಟಿಗಿಂತ ಹೆಚ್ಚು. ಎಷ್ಟೋ ನಾಯಿಗಳು ತಡೆದುಕೊಂಡಾವು. ಆದರೆ ಕೋಲಿ, ಶೆಲ್ಟಿಯಂಥ ತಳಿಗಳ ಹಲವು ನಾಯಿಗಳಲ್ಲಿ ಒಂದು ವಂಶವಾಹಿ ದೋಷವಿದೆ ಅಂತ 2001ರಲ್ಲಿ ಅಮೆರಿಕದ ಸಂಶೋಧಕರು ಪತ್ತೆಹಚ್ಚಿದರು. ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಬಾಗಿಲು ಅವುಗಳಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ತಿಂಗಳ ಮಾತ್ರೆಯ ಸಣ್ಣ ಪ್ರಮಾಣ ಅವಕ್ಕೂ ಸುರಕ್ಷಿತ. ದನದ ಚುಚ್ಚುಮದ್ದು ಹಾಕಿದರೆ ತೂರಾಡಿ, ಕಣ್ಣು ಕಾಣದಂತಾಗಿ, ಪ್ರಜ್ಞೆ ತಪ್ಪಿ ಸಾಯಬಹುದು. ಮಿಶ್ರ ತಳಿಯ ನಾಯಿಯ ಮೈಯಲ್ಲಿ ಯಾವ ಅಜ್ಜಿಯ ರಕ್ತವಿದೆ ಅಂತ ನೋಡಿ ಹೇಳೋಕಾಗುತ್ತಾ?

ಹಾಗಾದರೆ ಮಾಡಬೇಕಾದ್ದೇನು? ಮೊದಲು ಪರೀಕ್ಷೆ. ಆಮೇಲೆ ವೈದ್ಯರು ಬರೆದುಕೊಟ್ಟರೆ ತೂಕಕ್ಕೆ ತಕ್ಕ, ನಾಯಿಗೆಂದೇ ಮಾಡಿದ ಔಷಧಿ. ಶುರು ಮಾಡಿದರೆ ತಿಂಗಳು ತಪ್ಪಿಸದೆ ಕೊಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೊಳ್ಳೆಯೊಳಗೆ ಈ ಮರಿಹುಳು ಬೆಳೆಯಲು ವಾತಾವರಣ ಸುಮಾರು 14 ಡಿಗ್ರಿಗಿಂತ ಬೆಚ್ಚಗಿರಬೇಕು. ಚಳಿ ದೇಶಗಳಲ್ಲಿ ಅದಕ್ಕೇ ಕೆಲವು ತಿಂಗಳು ಬಿಡುವು ಸಿಗುತ್ತದೆ. ನಮ್ಮ ನಾಡಿನ ಬಹುಪಾಲು ಊರುಗಳಲ್ಲಿ ಅಂಥ ಬಿಡುವು ಇಲ್ಲ. ಮತ್ತೆ, ಸಂಜೆ ಹೊತ್ತು ನಾಯಿಯನ್ನು ಹೊರಗೆ ಕಟ್ಟಬೇಡಿ. ಅದರ ನೀರಿನ ಬಟ್ಟಲು, ಹೂಕುಂಡದ ತಟ್ಟೆ, ಹಿತ್ತಲಲ್ಲಿ ಬಿದ್ದಿರುವ ಹಳೇ ಟೈರು ಇವುಗಳ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ಈ ಕೆಲಸಕ್ಕೆ ಔಷಧಿಯೂ ಬೇಡ, ದುಡ್ಡೂ ಬೇಡ. ಅದರಿಂದ ನಾಯಿಗೆ ಹುಳು ತಪ್ಪಿದರೆ, ಮನೆಯ ಮಕ್ಕಳಿಗೆ ಡೆಂಗಿಯೂ ತಪ್ಪೀತು.

ಇವತ್ತಿಗೆ ಇಷ್ಟು. ನಿಮ್ಮ ಅನಿಸಿಕೆ, ಪ್ರಶ್ನೆ ಏನಿದ್ದರೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.